99 ಅಂದರೆ ‘ಗೊತ್ತಿಲ್ಲ’: ಸರ್ವೆ ಲೆಕ್ಕಕ್ಕೆ ಪಿಎಸ್‌ಪಿಪಿ ಬಳಸುವುದು ಹೇಗೆ?

ಹತ್ತು ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿದ್ದೀರಿ ಅಂದುಕೊಳ್ಳಿ. ‘ಕುಡಿಯುವ ನೀರು ತರೋಕೆ ದಿನಕ್ಕೆ ಎಷ್ಟು ನಿಮಿಷ ಹೋಗುತ್ತೆ?’ ಎಂಟು ಮನೆಯವರು ಉತ್ತರ ಕೊಟ್ಟರು: 10, 15, 20, 12, 18, 25, 10, 20. ಉಳಿದಿಬ್ಬರು ‘ಅದನ್ನೆಲ್ಲಾ ಯಾರು ಲೆಕ್ಕ ಇಟ್ಟಿರ್ತಾರೆ, ಗೊತ್ತಿಲ್ಲಪ್ಪ’ ಅಂದರು. ಖಾನೆ ಖಾಲಿ ಬಿಡಬಾರದು ಅಂತ ಆ ಇಬ್ಬರಿಗೂ 99 ಬರೆದಿರಿ. ಸರ್ವೆ ಮಾಡುವವರಲ್ಲಿ ಇದು ಹಳೆಯ ರೂಢಿ.

ಉತ್ತರ ಕೊಟ್ಟ ಎಂಟು ಮನೆಗಳ ಸರಾಸರಿ 16.25 ನಿಮಿಷ. ಆದರೆ ಕಂಪ್ಯೂಟರಿಗೆ 99 ಕೂಡ ನಿಮಿಷವೇ. ಅದು ಹತ್ತನ್ನೂ ಕೂಡಿಸಿ, ಹತ್ತರಿಂದ ಭಾಗಿಸಿ, 32.8 ಅಂತ ಕೊಡುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು!

ನನ್ನ ಮೊದಲ ಸರ್ವೆಯಲ್ಲಿ ನಾನು ಮಾಡಿದ್ದು ಇದೇ ತಪ್ಪು. ಕರಡು ವರದಿಯನ್ನು ಆ ಊರಿನ ಅಂಗನವಾಡಿ ಅಕ್ಕನಿಗೆ ಓದಿ ಹೇಳಿದಾಗ ಅವರು ‘ಬೋರು ಇಲ್ಲೇ ಇದೆಯಲ್ಲಾ, ಅಷ್ಟೊತ್ತು ಯಾಕೆ ಹಿಡಿಯುತ್ತೆ?’ ಅಂದರು. ವಾಪಸ್ ಬಂದು ಫೈಲ್ ತೆರೆದರೆ ಸಾಲುಸಾಲು 99. ಅಂದಿನಿಂದ ಪಿಎಸ್‌ಪಿಪಿಯಂಥ ಸರ್ವೆ ಲೆಕ್ಕದ ಸಾಫ್ಟ್‌ವೇರ್ ಕಲಿಯಲು ಬರುವ ವಿದ್ಯಾರ್ಥಿಗಳಿಗೆ ನಾನು ಬಟನ್‌ಗಳಿಗಿಂತ ಮೊದಲು ಈ 99ರ ಕತೆ ಹೇಳುತ್ತೇನೆ. ಯಾವ ಬಟನ್ ಒತ್ತಬೇಕು ಅನ್ನೋದು ಒಂದು ಮಧ್ಯಾಹ್ನದ ಕಲಿಕೆ. ಯಾವ ಅಂಕಿ ಏನನ್ನು ಹೇಳುತ್ತದೆ ಅನ್ನೋದನ್ನು ಸಾಫ್ಟ್‌ವೇರಿಗೆ ಸರಿಯಾಗಿ ತಿಳಿಸುವುದೇ ದೊಡ್ಡ ಕೆಲಸ.

ಯಾವ ಸಾಫ್ಟ್‌ವೇರ್?

ಸಮಾಜಕಾರ್ಯ, ವಾಣಿಜ್ಯ, ನರ್ಸಿಂಗ್ ಓದುವವರು ಜಾಸ್ತಿ ಕೇಳಿರುವ ಹೆಸರು ಎಸ್‌ಪಿಎಸ್‌ಎಸ್. 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. 2009ರಿಂದ ಐಬಿಎಂ ಕಂಪನಿಯ ಕೈಯಲ್ಲಿದೆ. ಒಳ್ಳೆಯದೇ, ಆದರೆ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು. ಪ್ರಬಂಧಕ್ಕೆ ಎರಡು ತಿಂಗಳು ಬೇಕಾಗುವ ವಿದ್ಯಾರ್ಥಿಗೆ ಅದು ಭಾರ.

ಪಿಎಸ್‌ಪಿಪಿ ಅದರ ಜಾಗಕ್ಕೆ ಅಂತಲೇ ಗ್ನೂ ಯೋಜನೆಯವರು ಮಾಡಿರುವ ಉಚಿತ ಸಾಫ್ಟ್‌ವೇರ್. ಇಷ್ಟು ದಿನ ಮಾತ್ರ ಅನ್ನುವ ಗಡುವಿಲ್ಲ, ಇಷ್ಟೇ ಸಾಲು ಅನ್ನುವ ಮಿತಿಯೂ ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೆನುಗಳು ಹೆಚ್ಚುಕಡಿಮೆ ಎಸ್‌ಪಿಎಸ್‌ಎಸ್‌ನಂತೆಯೇ ಇವೆ, ಅದರ ಎಸ್‌ಎವಿ (.sav) ಡೇಟಾ ಫೈಲುಗಳನ್ನೂ ತೆರೆಯುತ್ತದೆ. ಎಸ್‌ಪಿಎಸ್‌ಎಸ್‌ನ ಎಲ್ಲ ದೊಡ್ಡ ಸೌಲಭ್ಯಗಳು ಇದರಲ್ಲಿಲ್ಲ. ನೂರಿನ್ನೂರು ಮನೆಗಳ ಸರ್ವೆಗೆ ಇದು ಧಾರಾಳವಾಗಿ ಸಾಕು. ಪೈರೇಟೆಡ್ ಕಾಪಿ ಹುಡುಕಿಕೊಂಡು ಹೋಗಿ ವೈರಸ್ ಅಂಟಿಸಿಕೊಳ್ಳಬೇಡಿ.

ಕೋಡ್ ಪುಸ್ತಕ ಮೊದಲು

ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿ ಪ್ರಶ್ನೆಗೂ ಒಂದು ಚಿಕ್ಕ ಹೆಸರು ಇಡಿ. ಉತ್ತರ ಯಾವ ಅಂಕಿಯಾಗಿ ಬರುತ್ತದೆ ಅಂತ ಬರೆಯಿರಿ. ಮನೆಯಲ್ಲಿ ನಲ್ಲಿ ಇದ್ದರೆ 1, ಇಲ್ಲದಿದ್ದರೆ 0. ಮುಖ್ಯ ಊರು 1, ಕಾಲೊನಿ 2. ‘ಗೊತ್ತಿಲ್ಲ’ ಅನ್ನುವುದಕ್ಕೂ ‘ಹೇಳಲ್ಲ’ ಅನ್ನುವುದಕ್ಕೂ ಬೇರೆ ಬೇರೆ ಅಂಕಿ ಇರಲಿ. ನೆನಪಿಲ್ಲದೆ ಸುಮ್ಮನಾಗುವುದು ಬೇರೆ, ಸಾಲ ಎಷ್ಟಿದೆ ಅಂತ ಕೇಳಿದಾಗ ಬಾಯಿ ಬಿಡದಿರುವುದು ಬೇರೆ ಅಲ್ವಾ? ಆ ಅಂಕಿ ನಿಜವಾದ ಉತ್ತರವಾಗಿ ಬರಲು ಸಾಧ್ಯವೇ ಇರಬಾರದು. ವಯಸ್ಸಿನ ಖಾನೆಯಲ್ಲಿ 99 ಬೇಡ, ಆ ವಯಸ್ಸಿನ ಅಜ್ಜಿ ಊರಲ್ಲಿ ಇರಬಹುದು. 999 ಹಾಕಿ.

ಒಂದಕ್ಕಿಂತ ಜಾಸ್ತಿ ಉತ್ತರ ಬರುವ ಪ್ರಶ್ನೆ ಇದ್ದರೆ ಒಂದೇ ಖಾನೆಗೆ ತುರುಕಬೇಡಿ. ‘ನೀರು ಎಲ್ಲೆಲ್ಲಿಂದ ತರ್ತೀರಿ?’ ಅನ್ನುವುದಕ್ಕೆ ಬೋರು, ಬಾವಿ, ಟ್ಯಾಂಕರ್ ಅಂತ ಮೂರು ಕಾಲಂ ಮಾಡಿ, ಪ್ರತಿಯೊಂದರಲ್ಲೂ 1 ಅಥವಾ 0 ತುಂಬಿ. ಗೂಗಲ್ ಫಾರ್ಮ್‌ನಲ್ಲಿ ಸರ್ವೆ ಮಾಡಿದರೆ ಇಂಥ ಉತ್ತರಗಳು ಅಲ್ಪವಿರಾಮ ಹಾಕಿಕೊಂಡು ಒಂದೇ ಖಾನೆಯಲ್ಲಿ ಬಂದು ಕೂತಿರುತ್ತವೆ. ಮೊದಲು ಅವನ್ನು ಬಿಡಿಸಿ.

ಎಕ್ಸೆಲ್‌ನಿಂದ ಪಿಎಸ್‌ಪಿಪಿಗೆ

ಎಕ್ಸೆಲ್‌ನಲ್ಲಿ ಒಂದು ಮನೆಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಮೊದಲ ಸಾಲಿನಲ್ಲಿ ಮಾತ್ರ ಹೆಸರುಗಳು. ಬಣ್ಣ ಬೇಡ, ಖಾನೆಗಳನ್ನು ಸೇರಿಸಿ ಒಂದು ಮಾಡುವುದು ಬೇಡ, ಕೊನೆಯಲ್ಲಿ ಒಟ್ಟು ಮೊತ್ತದ ಸಾಲು ಬೇಡವೇ ಬೇಡ. 120 ಮನೆಗಳ ಸರ್ವೆ ಆಗಿದ್ದರೆ ಅದು 121ನೇ ಮನೆಯಾಗಿ ಲೆಕ್ಕಕ್ಕೆ ಬಂದುಬಿಡುತ್ತದೆ.

ಕನ್ನಡದಲ್ಲಿ ಡೇಟಾ ತುಂಬುವವರಿಗೆ ಮೂರು ಎಚ್ಚರಿಕೆ ಹೇಳಲೇಬೇಕು. ವಯಸ್ಸನ್ನು ೩೫ ಅಂತ ಕನ್ನಡ ಅಂಕಿಯಲ್ಲಿ ತುಂಬಿದರೆ ಸಾಫ್ಟ್‌ವೇರ್ ಅದನ್ನು ಅಕ್ಷರ ಅಂದುಕೊಳ್ಳುತ್ತದೆ, ಸರಾಸರಿ ತೆಗೆಯುವುದಿಲ್ಲ. 35 ಅಂತಲೇ ತುಂಬಿ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಊರಿನ ಹೆಸರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕೊನೆಯದು, ಪಿಎಸ್‌ಪಿಪಿಗೆ ಒಯ್ಯಲು ಫೈಲನ್ನು ಸೇವ್ ಮಾಡುವಾಗ ಬರೀ ‘ಸಿಎಸ್‌ವಿ’ (ಖಾನೆಗಳನ್ನು ಅಲ್ಪವಿರಾಮದಿಂದ ಬೇರೆ ಮಾಡಿದ ಸಾದಾ ಫೈಲ್) ಅಲ್ಲ, ಪಟ್ಟಿಯಲ್ಲಿರುವ ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಸಾದಾ ಸಿಎಸ್‌ವಿಯಲ್ಲಿ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಆಮೇಲೆ ಅವನ್ನು ವಾಪಸ್ ತರಲು ಆಗುವುದಿಲ್ಲ.

ಈಗ ಪಿಎಸ್‌ಪಿಪಿ ತೆರೆದು ಫೈಲ್ ಮೆನುವಿನಲ್ಲಿ ‘ಇಂಪೋರ್ಟ್ ಡೇಟಾ’ ಒತ್ತಿ, ಆ ಸಿಎಸ್‌ವಿ ಆರಿಸಿ. ಮೊದಲ ಸಾಲಿನಲ್ಲಿ ಹೆಸರುಗಳಿವೆ ಅಂತ ತಿಳಿಸಿ. ಡೇಟಾ ಬಂದ ಕೂಡಲೇ ಸೇವ್ ಮಾಡಿ, ಎಸ್‌ಎವಿ ಫೈಲ್ ಆಗುತ್ತದೆ.

ಒಂದು ಸಲಹೆ. 120 ಫಾರಂಗಳನ್ನೂ ತುಂಬಿ ಮುಗಿಸಿ ಆಮೇಲೆ ಈ ಹಂತಕ್ಕೆ ಬರಬೇಡಿ. ಮೊದಲ ಹತ್ತನ್ನು ತುಂಬಿ ಕೊನೆಯ ಟೇಬಲ್‌ವರೆಗೂ ಓಡಿಸಿ ನೋಡಿ. ನಮ್ಮ ದೇಶದಲ್ಲಿ ಸರ್ವೆ ವಿದ್ಯೆಗೆ ಅಡಿಪಾಯ ಹಾಕಿದ ಪಿ.ಸಿ. ಮಹಲನೋಬಿಸ್ 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯ ಸರ್ವೆ ಶುರು ಮಾಡಿದಾಗ ಮೊದಲು ಸಣ್ಣ ಸಣ್ಣ ಪರೀಕ್ಷಾ ಸರ್ವೆಗಳನ್ನೇ ಮಾಡಿಸಿದ್ದರು. ಪ್ರಶ್ನೆಯಲ್ಲಿರುವ ತೊಡಕು ಹತ್ತನೇ ಮನೆಯಲ್ಲೇ ಗೊತ್ತಾದರೆ ಸರಿಪಡಿಸಬಹುದು.

ವೇರಿಯಬಲ್ ವ್ಯೂ: ಇಲ್ಲಿ ನಿಧಾನವಾಗಿ ಕೂರಿ

ಪರದೆಯ ಕೆಳಗೆ ಎರಡು ಟ್ಯಾಬ್ ಇವೆ. ‘ಡೇಟಾ ವ್ಯೂ’ನಲ್ಲಿ ಅಂಕಿಗಳು, ‘ವೇರಿಯಬಲ್ ವ್ಯೂ’ನಲ್ಲಿ ಪ್ರಶ್ನೆಗಳು. ನೋಟ್‌ಬುಕ್ಕಿನ ಕೋಡ್‌ಗಳೆಲ್ಲ ಈ ಎರಡನೆಯದರೊಳಗೆ ಹೋಗಬೇಕು.

‘ನೇಮ್’ ಖಾನೆಯಲ್ಲಿ ಹೆಸರು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರದಲ್ಲಿರಲಿ. ‘ಲೇಬಲ್’ನಲ್ಲಿ ಇಡೀ ಪ್ರಶ್ನೆಯನ್ನು ಕನ್ನಡದಲ್ಲೇ ಬರೆಯಿರಿ, ಟೇಬಲ್‌ಗಳಲ್ಲಿ ಅದೇ ಬರುತ್ತದೆ. ‘ವ್ಯಾಲ್ಯೂ ಲೇಬಲ್ಸ್’ನಲ್ಲಿ 1 ಅಂದರೆ ಇದೆ, 0 ಅಂದರೆ ಇಲ್ಲ ಅಂತ ತಿಳಿಸಿ. ‘ಮೆಶರ್’ ಖಾನೆಯಲ್ಲಿ ಮೂರು ಆಯ್ಕೆ. ಜಾತಿ, ಊರು, ಕಸುಬು ಇವೆಲ್ಲ ನಾಮಿನಲ್, ಅಂದರೆ ಬರೀ ಹೆಸರು. ‘ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ’ ಅನ್ನುವಂಥದ್ದು ಆರ್ಡಿನಲ್, ಅದರಲ್ಲಿ ಮೇಲುಕೆಳಗಿನ ಕ್ರಮವಿದೆ. ನಿಮಿಷ, ರೂಪಾಯಿ, ವಯಸ್ಸು ಸ್ಕೇಲ್, ಅಂದರೆ ಅಳೆದ ಅಂಕಿ.

ಇನ್ನು ಉಳಿದದ್ದು ‘ಮಿಸ್ಸಿಂಗ್ ವ್ಯಾಲ್ಯೂಸ್’. ನಿಮಿಷದ ಸಾಲಿನಲ್ಲಿ ಈ ಖಾನೆಯನ್ನು ಒತ್ತಿದರೆ ಪುಟ್ಟ ಕಿಟಕಿಯೊಂದು ತೆರೆಯುತ್ತದೆ. ‘ಡಿಸ್ಕ್ರೀಟ್’ ಅನ್ನುವುದನ್ನು ಆರಿಸಿ 99 ಅಂತ ಬರೆದು ಓಕೆ ಕೊಡಿ. ಅಷ್ಟೇ. ಮೊದಲು ಹೇಳಿದ 32.8 ಹೋಗಿ 16.25 ಬರುತ್ತದೆ. ಡೇಟಾದಲ್ಲಿ 99 ಹಾಗೇ ಇರುತ್ತದೆ, ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಎಷ್ಟು ಜನ ‘ಗೊತ್ತಿಲ್ಲ’ ಅಂದರು ಅನ್ನುವುದೂ ಟೇಬಲ್‌ನಲ್ಲಿ ಬೇರೆಯಾಗಿ ಕಾಣುತ್ತದೆ. ವರದಿಯಲ್ಲಿ ಆ ಸಂಖ್ಯೆಯನ್ನೂ ಬರೆಯಿರಿ.

ಮೊದಲ ಲೆಕ್ಕ

‘ಅನಲೈಸ್’ ಮೆನುವಿನಲ್ಲಿ ‘ಡಿಸ್ಕ್ರಿಪ್ಟಿವ್ ಸ್ಟ್ಯಾಟಿಸ್ಟಿಕ್ಸ್’, ಅದರೊಳಗೆ ‘ಫ್ರೀಕ್ವೆನ್ಸೀಸ್’, ಅಂದರೆ ಯಾವ ಉತ್ತರ ಎಷ್ಟು ಸಲ ಬಂದಿದೆ ಅನ್ನುವ ಲೆಕ್ಕ. ಎಲ್ಲ ಪ್ರಶ್ನೆಗಳನ್ನೂ ಆರಿಸಿ ಓಡಿಸಿ. ಇದು ವರದಿಗಲ್ಲ, ತಪ್ಪು ಹಿಡಿಯೋಕೆ. ನಲ್ಲಿಯ ಪ್ರಶ್ನೆಯಲ್ಲಿ 1, 0 ಬಿಟ್ಟು 11 ಅಂತ ಒಂದು ಕಂಡರೆ ಯಾರೋ ಕೀ ಎರಡು ಸಲ ಒತ್ತಿದ್ದಾರೆ. ಆ ಮನೆಯ ಕಾಗದದ ಫಾರಂ ತೆಗೆದು ನೋಡಿ, ತಿದ್ದಿ. ಫಾರಂ ನೋಡದೆ ಅಂದಾಜಿನ ಮೇಲೆ ತಿದ್ದಬೇಡಿ.

ಸರಾಸರಿಯ ಜೊತೆಗೆ ಮೀಡಿಯನ್ ಕೂಡ ಕೇಳಿ. ನಮ್ಮ ಎಂಟು ಮನೆಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ ನಡುವಿನ ಬೆಲೆ 16.5. 25 ನಿಮಿಷದ ಮನೆ ತೋಟದಲ್ಲಿದ್ದು ಅವರಿಗೆ 120 ನಿಮಿಷ ಹಿಡಿಯುತ್ತಿತ್ತು ಅಂತಿಟ್ಟುಕೊಳ್ಳಿ. ಸರಾಸರಿ 28ಕ್ಕೆ ಹಾರುತ್ತದೆ, ಮೀಡಿಯನ್ ಮಾತ್ರ 16.5ರಲ್ಲೇ ನಿಲ್ಲುತ್ತದೆ. ಆದಾಯ, ಸಾಲ, ಜಮೀನು ಇಂಥವಕ್ಕೆ ನಾನಂತೂ ಮೀಡಿಯನ್ ಇಲ್ಲದೆ ವರದಿ ಬರೆಯುವುದಿಲ್ಲ.

ವಯಸ್ಸನ್ನು ಗುಂಪು ಮಾಡಬೇಕಿದ್ದರೆ ‘ಟ್ರಾನ್ಸ್‌ಫಾರ್ಮ್’ ಮೆನುವಿನಲ್ಲಿ ‘ರೀಕೋಡ್ ಇಂಟು ಡಿಫರೆಂಟ್ ವೇರಿಯಬಲ್ಸ್’ ಬಳಸಿ. ಅದರ ಪಕ್ಕದ ‘ಸೇಮ್’ ಬಳಸಿದರೆ ಮೂಲ ವಯಸ್ಸೇ ಅಳಿಸಿಹೋಗುತ್ತದೆ.

ಕ್ರಾಸ್‌ಟ್ಯಾಬ್: ಅಡ್ಡವೋ ಉದ್ದವೋ?

ನಿಜವಾದ ಪ್ರಶ್ನೆ ಈಗ ಬರುತ್ತದೆ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಮನೆ ಮನೆಗೆ ನಲ್ಲಿ ಅನ್ನುವ ಮಾತು ಎಲ್ಲ ಊರಲ್ಲೂ ಇದೆ. ನಿಮ್ಮ ಸರ್ವೆಯ ಊರಿನಲ್ಲಿ ಕಾಲೊನಿಗೂ ಮುಖ್ಯ ಊರಿಗೂ ಸಮನಾಗಿ ಬಂದಿದೆಯಾ? ಉದಾಹರಣೆಗೆ ಮುಖ್ಯ ಊರಿನ 80 ಮನೆಗಳಲ್ಲಿ 60ಕ್ಕೆ, ಕಾಲೊನಿಯ 40 ಮನೆಗಳಲ್ಲಿ 12ಕ್ಕೆ ನಲ್ಲಿ ಇದೆ ಅಂದುಕೊಳ್ಳೋಣ.

ಫ್ರೀಕ್ವೆನ್ಸೀಸ್ ಇದ್ದ ಮೆನುವಿನಲ್ಲೇ ‘ಕ್ರಾಸ್‌ಟ್ಯಾಬ್ಸ್’ ಇದೆ, ಅಂದರೆ ಎರಡು ಪ್ರಶ್ನೆಗಳ ಉತ್ತರವನ್ನು ಒಂದೇ ಟೇಬಲ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ ಜೋಡಿಸುವುದು. ಸಾಲಿನಲ್ಲಿ ಜಾಗ, ಕಾಲಂನಲ್ಲಿ ನಲ್ಲಿ ಇಡಿ. ‘ಸೆಲ್ಸ್’ ಬಟನ್ ಒತ್ತಿದರೆ ಶೇಕಡಾವಾರು ಸಾಲಿನದು ಬೇಕೋ ಕಾಲಂನದು ಬೇಕೋ ಅಂತ ಕೇಳುತ್ತದೆ. ಸಾಲಿನದು ಕೇಳಿದರೆ ಮುಖ್ಯ ಊರಿನಲ್ಲಿ ಶೇ 75, ಕಾಲೊನಿಯಲ್ಲಿ ಶೇ 30 ಮನೆಗಳಿಗೆ ನಲ್ಲಿ ಇದೆ ಅಂತ ಬರುತ್ತದೆ. ಕಾಲಂನದು ಕೇಳಿದರೆ ನಲ್ಲಿ ಇರುವ 72 ಮನೆಗಳಲ್ಲಿ ಶೇ 16.7 ಕಾಲೊನಿಯವು ಅಂತ ಬರುತ್ತದೆ. ಎರಡೂ ಸರಿ. ಆದರೆ ನಾವು ಕೇಳಿದ ಪ್ರಶ್ನೆಗೆ ಮೊದಲನೆಯದೇ ಉತ್ತರ. ‘ಕಾಲೊನಿಯ ಶೇ 16.7 ಮನೆಗಳಿಗೆ ಮಾತ್ರ ನಲ್ಲಿ’ ಅಂತ ಬರೆದರೆ ಅದು ಸುಳ್ಳು ಸುದ್ದಿ. ‘ಯಾರಲ್ಲಿ ಶೇ 30?’ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ‘ಕಾಲೊನಿಯ ಮನೆಗಳಲ್ಲಿ’ ಅನ್ನುವ ಉತ್ತರ ಕೂಡಲೇ ಬರಬೇಕು.

ಈ ವ್ಯತ್ಯಾಸ ಆಕಸ್ಮಿಕವಾಗಿ ಬಂದದ್ದಿರಬಹುದಾ ಅಂತ ನೋಡಲು ‘ಸ್ಟ್ಯಾಟಿಸ್ಟಿಕ್ಸ್’ ಬಟನ್‌ನಲ್ಲಿ ಕೈ-ಸ್ಕ್ವೇರ್ ಆರಿಸಿ. ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಪರೀಕ್ಷೆ ಇದು. ಮೇಲಿನ ಅಂಕಿಗಳಿಗೆ ಅದರ ಬೆಲೆ 22.5 ಬರುತ್ತದೆ, ಪಕ್ಕದ ‘ಸಿಗ್’ ಖಾನೆಯಲ್ಲಿ .000 ಅಂತ ಕಾಣುತ್ತದೆ. ಅದನ್ನು ಸೊನ್ನೆ ಅಂತ ಬರೆಯಬೇಡಿ. ಮೂರು ದಶಮಾಂಶಕ್ಕೆ ಕತ್ತರಿಸಿ ತೋರಿಸಿದ್ದು ಅದು. ‘0.001ಕ್ಕಿಂತ ಕಡಿಮೆ’ ಅಂತ ಬರೆಯಿರಿ. ಜಾಗಕ್ಕೂ ನಲ್ಲಿಗೂ ನಂಟೇ ಇಲ್ಲದಿದ್ದರೆ ಇಷ್ಟು ದೊಡ್ಡ ಅಂತರ ಬರೀ ಆಯ್ಕೆಯ ಅದೃಷ್ಟದಿಂದ ಬರುವುದು ಸಾವಿರದಲ್ಲಿ ಒಂದು ಸಲಕ್ಕಿಂತ ಕಡಿಮೆ ಅಂತ ಅರ್ಥ. ಊರಿನ ಎಲ್ಲ ಮನೆಗಳಿಗೂ ಹೋಗಿದ್ದರೆ ಈ ಪರೀಕ್ಷೆಯ ಅಗತ್ಯವೇ ಇಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದರಾಯಿತು.

ತೂಕ ಹಾಕುವುದು

120ರಲ್ಲಿ 72 ಅಂದರೆ ಶೇ 60. ಹಾಗಾದರೆ ಊರಿನ ಶೇ 60 ಮನೆಗಳಿಗೆ ನಲ್ಲಿ ಇದೆ ಅನ್ನಬಹುದಾ? ಮುಖ್ಯ ಊರಲ್ಲಿ 500 ಮನೆ, ಕಾಲೊನಿಯಲ್ಲಿ 100 ಮನೆ ಇದ್ದರೆ ಅನ್ನುವ ಹಾಗಿಲ್ಲ. ಕಾಲೊನಿಯ 100ರಲ್ಲಿ 40ಕ್ಕೆ ಹೋಗಿದ್ದೀರಿ, ಅಲ್ಲಿಯ ಒಂದು ಮನೆ 2.5 ಮನೆಗಳ ಪರವಾಗಿ ಮಾತಾಡುತ್ತಿದೆ. ಮುಖ್ಯ ಊರಿನ ಒಂದು ಮನೆ 6.25 ಮನೆಗಳ ಪರವಾಗಿ. ಈ ತೂಕ ಸೇರಿಸಿದರೆ 600 ಮನೆಗಳಲ್ಲಿ 405ಕ್ಕೆ ನಲ್ಲಿ, ಅಂದರೆ ಶೇ 67.5.

ತೂಕಕ್ಕೆ ಒಂದು ಹೊಸ ಕಾಲಂ ಮಾಡಿ, ‘ಡೇಟಾ’ ಮೆನುವಿನ ‘ವೇಟ್ ಕೇಸಸ್’ನಲ್ಲಿ ಅದನ್ನು ತೋರಿಸಿ. ಆದರೆ 2.5, 6.25 ಅಂತಲೇ ಕೊಟ್ಟರೆ ಸಾಫ್ಟ್‌ವೇರ್ ನೀವು ನಿಜವಾಗಿ 600 ಮನೆಗಳಿಗೆ ಹೋಗಿದ್ದೀರಿ ಅಂತ ನಂಬಿಬಿಡುತ್ತದೆ. ಕೈ-ಸ್ಕ್ವೇರ್ ವಿನಾಕಾರಣ ಉಬ್ಬುತ್ತದೆ. ಸರಾಸರಿ ತೂಕ 5. ಅದರಿಂದ ಭಾಗಿಸಿ 0.5 ಮತ್ತು 1.25 ಕೊಡಿ. ಶೇಕಡಾ ಅದೇ 67.5, ಒಟ್ಟು ಮಾತ್ರ ಮತ್ತೆ 120 ಆಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ದೊಡ್ಡ ಡೇಟಾದಲ್ಲಿ ತೂಕ ಆಗಲೇ ಇರುತ್ತದೆ. 2019-21ರ ಐದನೇ ಸುತ್ತಿನಲ್ಲಿ 6,36,699 ಮನೆಗಳಿವೆ. ಅದರ ತೂಕದ ಕಾಲಂ ಅನ್ನು 10 ಲಕ್ಷದಿಂದ ಭಾಗಿಸಿ ಬಳಸಬೇಕು. ಅಲ್ಲಿ ಮೊದಲು ಊರುಗಳನ್ನು, ಆಮೇಲೆ ಮನೆಗಳನ್ನು ಆರಿಸಿರುತ್ತಾರೆ. ಅಂಥ ಎರಡು ಹಂತದ ಆಯ್ಕೆಯ ಲೆಕ್ಕಕ್ಕೆ ಪಿಎಸ್‌ಪಿಪಿ ಸಾಲದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಆರ್’ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಸರ್ವೆ’ ಅಂತಲೇ ಒಂದು ಪ್ಯಾಕೇಜ್ ಇದೆ. ಅದಕ್ಕೆ ಆಮೇಲೆ ಹೋಗಿ.

ಉಳಿಸಿಡುವುದು

ಮೆನುವಿನಿಂದ ತೆರೆಯುವ ಲೆಕ್ಕದ ಕಿಟಕಿಗಳಲ್ಲಿ ಓಕೆ ಪಕ್ಕ ‘ಪೇಸ್ಟ್’ ಅನ್ನುವ ಬಟನ್ ಇರುತ್ತದೆ. ಹೊಸಬರು ಅದನ್ನು ಮುಟ್ಟುವುದೇ ಇಲ್ಲ. ಅದನ್ನು ಒತ್ತಿದರೆ ನೀವು ಆರಿಸಿದ್ದೆಲ್ಲ ಕಮಾಂಡ್ ಆಗಿ ಬೇರೊಂದು ಕಿಟಕಿಯಲ್ಲಿ ಬರುತ್ತದೆ. ಅಲ್ಲಿಂದಲೇ ಓಡಿಸಿ, ಆ ಫೈಲನ್ನೂ ಸೇವ್ ಮಾಡಿ. ಗೈಡ್ ‘ಈ ಶೇ 30 ಹೇಗೆ ಬಂತು?’ ಅಂತ ಮೂರು ತಿಂಗಳ ನಂತರ ಕೇಳಿದಾಗ ಉತ್ತರ ಆ ಫೈಲಿನಲ್ಲಿ ಇರುತ್ತದೆ. ಬಿಟ್ಟುಹೋದ ಹತ್ತು ಫಾರಂ ಸೇರಿಸಿದರೂ ಅದನ್ನೇ ಮತ್ತೊಮ್ಮೆ ಓಡಿಸಿದರೆ ಎಲ್ಲ ಟೇಬಲ್ ಹೊಸದಾಗಿ ಬರುತ್ತವೆ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಮಾಡಿದ್ದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಗಳ ಕಾಲ ಕೂತು ವಿಂಗಡಿಸಿದ್ದ ಆ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು, ಮೂರೂ ಸುಟ್ಟವು. ಅವರು ಬಹುಪಾಲು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ನಮಗೆ ಅಂಥ ನೆನಪಿನ ಶಕ್ತಿ ಇಲ್ಲ. ಹಾಗಾಗಿ ಎಸ್‌ಎವಿ ಫೈಲ್, ಕಮಾಂಡ್ ಫೈಲ್, ಕೋಡ್ ನೋಟ್‌ಬುಕ್ಕಿನ ಫೋಟೊ ಮೂರನ್ನೂ ಈವತ್ತೇ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ, ಪೆನ್‌ಡ್ರೈವ್‌ಗೂ ಹಾಕಿ. ಮೇಲ್‌ಗೆ ಹೋಗುವ ಫೈಲಿನಲ್ಲಿ ಜನರ ಹೆಸರು, ಫೋನ್ ನಂಬರ್ ಬೇಡ, ಮನೆಯ ಕ್ರಮಸಂಖ್ಯೆ ಸಾಕು. ಕಾಗದದ ಫಾರಂಗಳು ಬೇರೆ ಮನೆಯ ಅಟ್ಟದ ಮೇಲಿರಲಿ, ವೈವಾ ಮುಗಿಯುವ ತನಕ.