ಎಚ್7ರಲ್ಲಿ ಬಿಷಪ್ ಬಲಿ ಕೊಡುವ ಮುನ್ನ

ಚೆಸ್‌ನಲ್ಲಿ ರಾಣಿಯ ಮುಂದಿನ ಪಾನ್ (ಕಾಲಾಳು) ಡಿ4 ಮನೆಗೆ ನಡೆಸಿ ಶುರು ಮಾಡುವ ಹೊಸಬರು ಚೆನ್ನಾಗಿ ಬಂದ ಆಟವನ್ನು ಒಂದೇ ನಡೆಯಲ್ಲಿ ಕೆಡಿಸಿಕೊಳ್ಳುವುದನ್ನು ಬಹಳ ಸಲ ನೋಡಿದ್ದೇನೆ. ಅದೇ ಎಚ್7ರ ಬಿಷಪ್ ಬಲಿ, ಅಂದರೆ ಕಪ್ಪು ರಾಜನ ಮುಂದೆ ಎಚ್7 ಮನೆಯಲ್ಲಿರುವ ಪಾನನ್ನು ಬಿಷಪ್‌ನಿಂದ ಹೊಡೆದು ಆ ಬಿಷಪ್ಪನ್ನು ಬಿಟ್ಟುಕೊಡುವುದು. ಹೊತ್ತು ನೋಡಿ ಕೊಟ್ಟರೆ ಗೆಲುವು, ಅವಸರಪಟ್ಟರೆ ಸುಮ್ನೆ ಒಂದು ಬಿಷಪ್ ನಷ್ಟ.

ಮೊದಲ ನಡೆಗಳು ಸುಲಭ. ಡಿ4, ಕುದುರೆ ಎಫ್3, ಇ3, ಬಿಷಪ್ ಡಿ3, ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಮೂಲೆಯತ್ತ ಇಡುವುದು), ಕುದುರೆ ಡಿ2, ಆನೆ ಇ1. ಬೆಲ್ಜಿಯಂನ ಎಡ್ಗರ್ ಕೊಲ್ ಬೆಳೆಸಿದ ಪದ್ಧತಿ ಇದು. 1930ರಲ್ಲಿ ಫ್ರಾನ್ಸ್‌ನ ನೀಸ್‌ನಲ್ಲಿ ಐರ್ಲೆಂಡ್‌ನ ಆಟಗಾರ ಓ'ಹ್ಯಾನ್ಲನ್ ವಿರುದ್ಧ ಅವರು 12ನೇ ನಡೆಗೇ ಎಚ್7ರಲ್ಲಿ ಬಿಷಪ್ ಕೊಟ್ಟು ಗೆದ್ದರು. ಆ ಮೊದಲ ನಡೆಗಳಾದ ಮೇಲೆ ಪಾನ್ ಇ4, ಅನುಕೂಲ ನೋಡಿ ಇ5. ಆಗ ಕಪ್ಪಿನ ಬಿಷಪ್ ಡಿ6ರಲ್ಲಿ, ಕುದುರೆ ಎಫ್6ರಲ್ಲಿ ಇದ್ದರೆ ಆ ಪಾನ್ ಎರಡನ್ನೂ ಒಟ್ಟಿಗೆ ಬೆದರಿಸುತ್ತದೆ, ಒಂದು ಕಾಯಿ ಪುಕ್ಕಟೆ ಸಿಗುತ್ತದೆ, ಬಲಿಯೇ ಬೇಡ.

ಈಗ ನಿಧಾನಿಸಿ. ಎಫ್6ರ ಕುದುರೆ ಹೋಗಿದೆಯಾ? ಅದು ಅಲ್ಲೇ ಇದ್ದರೆ ನಿಮ್ಮ ರಾಣಿ ಎಚ್5ಕ್ಕೆ ಬರುವಂತಿಲ್ಲ. ನಾನು ನೋಡಿದ ಒಂದು ಆಟದಲ್ಲಿ ಬಿಳಿಯವರು ಬಿಷಪ್ ಕೊಟ್ಟು, ಜಿ5ಕ್ಕೆ ಕುದುರೆ ತಂದು ಚೆಕ್ ಕೊಟ್ಟು, ರಾಣಿಯನ್ನು ಕೈಯಲ್ಲಿ ಎತ್ತಿದ ಮೇಲೆ ಆ ಕುದುರೆಯನ್ನು ಕಂಡರು. ಎರಡನೆಯದು, ಸಿ1ರ ಬಿಷಪ್‌ಗೆ ದಾರಿ ಬಿಟ್ಟಿದೆಯಾ? ಡಿ2ರ ಕುದುರೆ ಅಡ್ಡ ನಿಂತಿದ್ದರೆ ಜಿ5ರ ಕುದುರೆಯನ್ನು ಕಪ್ಪು ರಾಣಿ ಆರಾಮಾಗಿ ಹೊಡೆಯುತ್ತದೆ. ಮೊದಲು ಅದನ್ನು ಎಫ್1ಕ್ಕೆ ಸರಿಸಿ. ಕಪ್ಪಿನ ಬಿಷಪ್ ಇ7ರಲ್ಲಿದ್ದರೆ ಅದೂ ಜಿ5ರ ಕುದುರೆಯನ್ನು ಹೊಡೆಯಬಹುದು, ನಾನಂತೂ ಬಲಿ ಕೊಡುವುದಿಲ್ಲ. ಆನೆ ಆಗಲೇ ಇ8ಕ್ಕೆ ಹೋಗಿ, ಕುದುರೆ ಡಿ7ರಲ್ಲಿದ್ದರೂ ಹುಷಾರು. ಆ ಕುದುರೆ ಎಫ್8ಕ್ಕೆ ಬಂದು ಎಚ್7 ಕಾಯುತ್ತದೆ.

ಇದನ್ನೆಲ್ಲ ದೊಡ್ಡ ಬೋರ್ಡ್ ಮೇಲೆ ಕಾಯಿ ಇಟ್ಟು ಅಭ್ಯಾಸ ಮಾಡಿ. ಅಂಗೈ ಅಗಲದ ಮ್ಯಾಗ್ನೆಟ್ ಸೆಟ್ ಬೇಡ, ಅದರಲ್ಲಿ ಬಿಷಪ್ ಯಾವುದು ಪಾನ್ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಎಲ್ಲ ಸರಿಯಿದ್ದರೆ ಬಲಿ ಹೀಗೆ ಸಾಗುತ್ತದೆ. ಬಿಷಪ್ ಎಚ್7 ಹೊಡೆಯಿತು, ರಾಜ ಅದನ್ನು ಹೊಡೆಯಿತು, ಕುದುರೆ ಜಿ5, ಚೆಕ್. ರಾಜ ಜಿ8ಕ್ಕೆ ಹೋದರೆ ರಾಣಿ ಎಚ್5. ರಾಜ ಎಚ್6ಕ್ಕೆ ಬಂದರೆ ಜಿ5ರ ಕುದುರೆಯಿಂದ ಇ6ರ ಪಾನ್ ಹೊಡೆಯಿರಿ. ಸಿ1ರ ಬಿಷಪ್‌ನಿಂದ ಚೆಕ್ ಬೀಳುತ್ತದೆ, ಡಿ8ರಲ್ಲಿರುವ ರಾಣಿ ಕುದುರೆಗೆ ಸಿಗುತ್ತದೆ.

ಜನ ಎಡವುವುದು ರಾಜ ಜಿ6ಕ್ಕೆ ಬಂದಾಗ. ಗಾಬರಿಯಾಗಿ ಚೆಕ್ ಮೇಲೆ ಚೆಕ್ ಕೊಟ್ಟು ರಾಜನನ್ನು ತಾವೇ ಓಡಿಸಿಬಿಡುತ್ತಾರೆ. ಚೆಕ್ ಬೇಡ, ರಾಣಿಯನ್ನು ಜಿ4ಕ್ಕೆ ತನ್ನಿ. ಕಪ್ಪು ಎಫ್5 ಆಡಿ ರಾಣಿಯನ್ನು ಬೆದರಿಸಿದರೆ ಜಿ3ಕ್ಕೆ ಸರಿಯಿರಿ, ಅದೇ ಸಾಲು ಬಿಡಬೇಡಿ. ಈಗ ಜಿ5ರ ಕುದುರೆ ಎಲ್ಲಿಗೆ ಹಾರಿದರೂ ಹಿಂದಿನ ರಾಣಿಯಿಂದ ಚೆಕ್. ಅದು ಇ6ಕ್ಕೇ ಹಾರಲಿ, ಅಲ್ಲಿಂದ ಡಿ8ರ ರಾಣಿ, ಎಫ್8ರ ಆನೆ ಎರಡರ ಮೇಲೂ ಕಣ್ಣು.