ಪುನರ್ಜನ್ಮ ಬೇರೆ, ಪುನರುತ್ಥಾನ ಬೇರೆ: ಸತ್ತ ಮೇಲೆ ಏನು ಅನ್ನೋದನ್ನ ಹೋಲಿಸೋದು ಹೇಗೆ

ಪಕ್ಕದ್ಮನೆ ಅಂಕಲ್ ತೀರ್ಕೊಂಡಾಗ ಆಂಟಿ ಹತ್ರ ಹೋಗಿ "ದೇವ್ರು ಅವ್ರಿಗೆ ಒಳ್ಳೆ ಜನ್ಮ ಕೊಡ್ಲಿ ಆಂಟಿ" ಅಂದ್ಬಿಟ್ಟೆ, ನಮ್ಮನೇಲಿ ಎಲ್ಲಾ ಹಂಗೇ ಹೇಳೋದು, ಬಾಯಿಗೆ ಬಂದಿದ್ದೇ ಅದು. ಆಂಟಿ ಕ್ಯಾಥೊಲಿಕ್. ಅಳ್ತಾ ಇದ್ದವ್ರು ತಲೆ ಎತ್ತಿ "ಇನ್ನೊಂದು ಜನ್ಮ ಯಾಕಪ್ಪಾ, ಇದೊಂದೇ ಸಾಕಾಯ್ತು ಅವ್ರಿಗೆ" ಅಂದ್ರು. ಬೈದಿದ್ದಲ್ಲ, ಆದ್ರೂ ಒಂದು ವಾರ ಅದೇ ತಲೇಲಿ ಕೊರೀತಿತ್ತು. ಆಮೇಲೆ ಅಲ್ಲಿ ಇಲ್ಲಿ ಓದಿ, ಕೇಳಿ, ನಾಲ್ಕು ಸಲ ತಪ್ಪು ತಿಳ್ಕೊಂಡು ಕಲ್ತಿದ್ದು ಇದು.

ಮೊದಲನೇದು, ಪದ ನೋಡಿ ಮೋಸ ಹೋಗ್ಬೇಡಿ. ಕನ್ನಡ ಬೈಬಲ್ ತೆಗೆದ್ರೆ ಆತ್ಮ, ನರಕ, ಪಾಪ, ಪರಲೋಕ ಎಲ್ಲಾ ನಮಗೆ ಗೊತ್ತಿರೋ ಪದಗಳೇ, ಅದಕ್ಕೇ "ಎಲ್ಲಾ ಒಂದೇ ಬಿಡಿ" ಅನ್ಸೋದು. ಪುನರ್ಜನ್ಮ ಅಂದ್ರೆ ಅದೇ ಜೀವ, ಬೇರೆ ದೇಹ, ಬೇರೆ ತಾಯಿ. ಪುನರುತ್ಥಾನ ಅಂದ್ರೆ ಸತ್ತೋರು ಅಂತ್ಯಕಾಲದಲ್ಲಿ ತಮ್ಮ ದೇಹದ ಸಮೇತ ಎದ್ದು ಬರೋದು, ಆ ದೇಹ ಮಾರ್ಪಾಡಾಗಿರತ್ತೆ ಆದ್ರೆ ಆ ಮನುಷ್ಯ ಅವನೇ. ಎರಡು ಉಪಮೆ ಅಕ್ಕಪಕ್ಕ ಇಟ್ಟು ನೋಡಿ. ಗೀತೆ ಎರಡನೇ ಅಧ್ಯಾಯದಲ್ಲಿ ದೇಹ ಹಳೇ ಬಟ್ಟೆ, ಬಿಚ್ಚಾಕಿ ಹೊಸದು ಹಾಕ್ಕೊಳ್ಳೋದು. ಬೈಬಲ್‌ನಲ್ಲಿ ಪೌಲ ಕೊರಿಂಥದವ್ರಿಗೆ ಬರೆದ ಮೊದಲನೇ ಪತ್ರದ 15ನೇ ಅಧ್ಯಾಯದಲ್ಲಿ ದೇಹ ಬೀಜ, ಮಣ್ಣಿಗೆ ಬಿದ್ದು ಆಮೇಲೆ ಏಳೋದು. ಬಟ್ಟೆನ ಯಾರೂ ಜೋಪಾನ ಮಾಡಲ್ಲ, ಬೀಜನ ಮಾಡ್ತಾರೆ. ನಾವು ಸುಟ್ಟು ಶ್ರೀರಂಗಪಟ್ಟಣದ ಪಶ್ಚಿಮವಾಹಿನೀಲಿ ಬೂದಿ ಬಿಟ್ಟು ಬರ್ತೀವಿ. ಕ್ಯಾಥೊಲಿಕರಿಗೆ ಸುಡೋಕೆ ರೋಮ್‌ನಿಂದ ಅನುಮತಿ ಸಿಕ್ಕಿದ್ದೇ 1963ರಲ್ಲಿ, ಅದರ ಮೇಲೂ 2016ರಲ್ಲಿ ಬೂದಿನ ನೀರಿಗೋ ಗಾಳಿಗೋ ಬಿಡಬಾರ್ದು, ಪವಿತ್ರವಾದ ಜಾಗದಲ್ಲಿ ಇಡ್ಬೇಕು ಅಂತ ಮತ್ತೆ ಹೇಳಿದ್ರು.

ಇನ್ನೊಂದು ಎಡವಟ್ಟು ಸ್ವರ್ಗಕ್ಕೆ ಸ್ವರ್ಗ ಇಟ್ಟು ಹೋಲಿಸೋದು. ನಮ್ಮ ಸ್ವರ್ಗ ಪ್ರಿಪೇಯ್ಡ್ ಪ್ಯಾಕ್ ಥರ, ಪುಣ್ಯ ಖಾಲಿ ಆಯ್ತು ಅಂದ್ರೆ ವಾಪಸ್ ಭೂಮಿಗೆ, ಗೀತೆ ಒಂಬತ್ತನೇ ಅಧ್ಯಾಯದಲ್ಲೇ ಇದೆ. ಕ್ರೈಸ್ತರ ಸ್ವರ್ಗಕ್ಕೆ ವ್ಯಾಲಿಡಿಟಿ ಅನ್ನೋದೇ ಇಲ್ಲ, ಹಾಗಾಗಿ ಅದನ್ನ ಮೋಕ್ಷದ ಜೊತೆ ಇಟ್ಟು ನೋಡ್ಬೇಕು, ಅಲ್ಲೂ ಅದ್ವೈತದ ಮೋಕ್ಷ ಹಿಡ್ಕೊಂಡ್ರೆ ಸರಿಹೋಗಲ್ಲ ಯಾಕಂದ್ರೆ ಅಲ್ಲಿ ದೇವ್ರು-ನಾನು ಅಂತ ಎರಡು ಉಳಿಯೋದೇ ಇಲ್ಲ. ಶ್ರೀವೈಷ್ಣವರ ವೈಕುಂಠ ಹತ್ರ ಬರತ್ತೆ, ಭಕ್ತ ಭಕ್ತನಾಗೇ ಇರ್ತಾನೆ, ಸೇವೆ ಮಾಡ್ಕೊಂಡು.

ಅದಕ್ಕೇ ಹೋಲಿಸೋ ಮುಂಚೆ ಯಾವ ಹಿಂದೂ, ಯಾವ ಕ್ರಿಶ್ಚಿಯನ್ ಅಂತ ಕೇಳ್ಕೊಳಿ. "ನಮ್ಮಲ್ಲಿ ಶಾಶ್ವತ ನರಕ ಇಲ್ಲ" ಅಂತ ಎದೆ ತಟ್ಕೊಂಡು ಹೇಳೋರು ಉಡುಪಿ ಕಡೆ ಒಂದ್ಸಲ ಕೇಳಿ ನೋಡ್ಲಿ. ಮಧ್ವಮತದಲ್ಲಿ ತಮೋಯೋಗ್ಯರು ಅಂತ ಒಂದು ವರ್ಗನೇ ಇದೆ, ಅವ್ರಿಗೆ ಅಂಧಂತಮಸ್ಸು ಅನ್ನೋ ಕಗ್ಗತ್ತಲ ನರಕ, ವಾಪಸ್ ಬರೋ ದಾರಿ ಇಲ್ಲ. ಲಿಂಗಾಯತರ ಮನೇಲಿ ಸುಡೋದಿಲ್ಲ, ಕೂರಿಸಿ ಮಣ್ಣು ಮಾಡ್ತಾರೆ, ಲಿಂಗೈಕ್ಯರಾದ್ರು ಅಂತಾರೆ (ಅವ್ರು ಹಿಂದೂಗಳಾ ಅಲ್ವಾ ಅನ್ನೋ ಜಗಳಕ್ಕೆ ನಾನು ಬರಲ್ಲ). ಆ ಕಡೆ ಸಿಎಸ್ಐ ಅನ್ನೋ ಪ್ರಾಟೆಸ್ಟೆಂಟ್ ಚರ್ಚಿನವ್ರಿಗೆ ಪರ್ಗಟರಿ ಅನ್ನೋದೇ ಇಲ್ಲ. ಕ್ಯಾಥೊಲಿಕರಿಗೆ ಇದೆ, ದೇವರ ಜೊತೆ ಸಂಬಂಧ ಕಡ್ಕೊಳ್ಳದೇನೇ ಸತ್ತ ಆದ್ರೆ ಇನ್ನೂ ಪೂರ್ತಿ ಶುದ್ಧಿಯಾಗದ ಆತ್ಮಗಳು ಸ್ವರ್ಗಕ್ಕೆ ಹೋಗೋ ಮುಂಚೆ ತೊಳ್ಕೊಳ್ಳೋ ಹಂತ ಅದು.

ನನ್ನ ಕೇಳಿದ್ರೆ ಪುಸ್ತಕಕ್ಕಿಂತ ಮನೆಯವ್ರು ಏನು ಮಾಡ್ತಾರೆ ಅಂತ ನೋಡಿದ್ರೆ ಬೇಗ ಅರ್ಥ ಆಗತ್ತೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆ, ಅವ್ರಲ್ಲಿ ನವೆಂಬರ್ 2, ಸತ್ತೋರೆಲ್ಲರ ದಿನ. ಮಹಾಲಯದ ದಿನ ಅಪ್ಪ ಟೆರೇಸ್ ಮೇಲೆ ಬಾಳೆ ಎಲೇಲಿ ಪಿಂಡ ಇಟ್ಟು "ಕಾ ಕಾ" ಅಂತ ಕೂಗ್ತಾ ನಿಂತಿರ್ತಾರೆ, ಕೆಳಗೆ ಯಾರೂ ಊಟ ಮಾಡೋ ಹಾಗಿಲ್ಲ, ಒಂದ್ಸಲ ಮುಕ್ಕಾಲು ಗಂಟೆ ಕಾಗೆ ಬರ್ಲೇ ಇಲ್ಲ, ಅಜ್ಜಿಗೆ ಏನೋ ಕೋಪ ಅಂತ ಅಮ್ಮ ಇನ್ನೊಂದು ವಡೆ ತಂದಿಟ್ರು, ಬಂತು. ಅಂದ್ರೆ ಅಜ್ಜಿಗೆ ಹಸಿವಿದೆ, ಕೋಪ ಇದೆ, ನಾವು ಕೊಟ್ಟಿದ್ದು ಅವ್ರಿಗೆ ನೇರವಾಗಿ ತಲುಪತ್ತೆ. ನವೆಂಬರ್ 2ಕ್ಕೆ ಆಂಟಿ ಜೊತೆ ಸೆಮೆಟ್ರಿಗೆ ಹೋಗಿದ್ದೆ, ಸಮಾಧಿ ತೊಳ್ದು ಹೂವಿಟ್ಟು ಕ್ಯಾಂಡಲ್ ಹಚ್ಚಿದ್ರು, ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ ತೀರ್ಥ ಚಿಮುಕಿಸಿದ್ರು. ಅಲ್ಲಿ ಅಂಕಲ್‌ಗೆ ಅಂತ ಊಟ ಇಡಲ್ಲ, ಅವ್ರ ಪರವಾಗಿ ದೇವ್ರನ್ನ ಕೇಳ್ಕೊಳ್ಳೋದು. ಸತ್ತೋರಿಗೆ ಬದುಕಿರೋರಿಂದ ಏನೋ ಸಹಾಯ ಆಗತ್ತೆ ಅನ್ನೋದು ಮಾತ್ರ ಎರಡೂ ಕಡೆ ಇದೆ.

ಕರ್ಮ ಅವ್ರದ್ದಲ್ಲ, ಕೃಪೆ ನಮ್ಮದಲ್ಲ ಅಂತ ಗೆರೆ ಎಳೀಬೇಡಿ. ಭಾಗವತದಲ್ಲಿ ಪಾಪ ಮಾಡ್ಕೊಂಡೇ ಬದುಕಿದ್ದ ಅಜಾಮಿಳ ಸಾಯೋ ಹೊತ್ತಲ್ಲಿ ಮಗನನ್ನ "ನಾರಾಯಣ" ಅಂತ ಕರೆದಿದ್ದಕ್ಕೇ ಯಮದೂತರ ಕೈಯಿಂದ ತಪ್ಪಿಸ್ಕೊಂಡ. ಲೂಕನ ಸುವಾರ್ತೇಲಿ ಯೇಸು ಪಕ್ಕದ ಶಿಲುಬೇಲಿದ್ದ ಕಳ್ಳನಿಗೂ ಕೊನೇ ಗಳಿಗೇಲೇ ಕೃಪೆ ಸಿಕ್ಕಿದ್ದು. ವ್ಯತ್ಯಾಸ ಏನಂದ್ರೆ ಕಳ್ಳನಿಗೆ ಅವತ್ತೇ ಸ್ವರ್ಗದ ಮಾತು ಸಿಕ್ತು, ಅಜಾಮಿಳ ಮಾತ್ರ ಬದುಕುಳಿದು, ಪಶ್ಚಾತ್ತಾಪಪಟ್ಟು, ಗಂಗಾದ್ವಾರಕ್ಕೆ ಹೋಗಿ ಸಾಧನೆ ಮಾಡಿ ಆಮೇಲೆ ವೈಕುಂಠಕ್ಕೆ ಹೋದ.

ಮತ್ತೆ ಇದನ್ನೆಲ್ಲಾ ಸಾವಿನ ಮನೇಲಿ ಕೇಳಕ್ಕೆ ಹೋಗ್ಬೇಡಿ. ಅಲ್ಲಿ "ದೇವ್ರು ಅವ್ರಿಗೆ ಶಾಂತಿ ಕೊಡ್ಲಿ" ಅಂದ್ರೆ ಎರಡು ಮನೇಲೂ ನಡೆಯತ್ತೆ. ನಾಲ್ಕೈದು ತಿಂಗಳು ಬಿಟ್ಟು ಕಾಫಿ ಕುಡೀತಾ ಕೇಳಿ, ಹೇಳ್ತಾರೆ, ನಿಮ್ಮದನ್ನೂ ಕೇಳ್ತಾರೆ. ಈಗ ಮಹಾಲಯದ ದಿನ ಆಂಟಿನೇ ಕಾಂಪೌಂಡ್ ಆಚೆಯಿಂದ ಕೂಗ್ತಾರೆ, "ಕಾಗೆ ಬಂತೇನಪ್ಪಾ, ಊಟ ಆಯ್ತಾ?"