ಐರ್ಲೆಂಡಿನ ಮೇಲ್ಮನೆಯ 60 ಜನ ಎಲ್ಲಿಂದ ಬರುತ್ತಾರೆ? ಪತ್ತೆ ಹಚ್ಚುವ ದಾರಿ, ಜೊತೆಗೆ ನಿಮ್ಮ ಓಟಿನ ವಿಷಯ

ಐರ್ಲೆಂಡಿನಲ್ಲಿ ಓದಿದ, ಅಲ್ಲೇ ವಾಸ ಇರುವ ಕನ್ನಡಿಗರಿಗಾಗಿ ಇದು. ಹೆಸರುಗಳಿಂದಲೇ ಶುರು ಮಾಡೋಣ, ಇಲ್ಲದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ಐರ್ಲೆಂಡಿನ ಮೇಲ್ಮನೆಯ ಹೆಸರು ಶ್ಯಾನಡ್. ಬರೆದಿರುವುದನ್ನು ನೋಡಿ ಸೀನಾಡ್ ಅಂತ ಓದಿದರೆ ಅಲ್ಲಿಯವರು ನಗುತ್ತಾರೆ, ನಾನೂ ಮೊದಲು ಹಾಗೇ ಓದಿದವನೇ. ಕೆಳಮನೆ ಡಾಲ್. ಅದರ ಸದಸ್ಯರಿಗೆ ಟೀಡಿ ಅನ್ನುತ್ತಾರೆ. ಪ್ರಧಾನಿಗೆ ಟೀಶಕ್. ಎರಡು ಮನೆಗಳೂ ರಾಷ್ಟ್ರಾಧ್ಯಕ್ಷರೂ ಸೇರಿದರೆ ಇರಖ್ತಸ್, ಅಂದರೆ ಪೂರ್ತಿ ಸಂಸತ್ತು. ಈ ನಾಲ್ಕೈದು ಪದ ಗೊತ್ತಿದ್ದರೆ ಡಬ್ಲಿನ್‌ನ ಯಾವ ಪತ್ರಿಕೆಯನ್ನಾದರೂ ಓದಬಹುದು.

ಶ್ಯಾನಡ್‌ನಲ್ಲಿ 60 ಜನ. ಒಬ್ಬರನ್ನೂ ಸಾಮಾನ್ಯ ಜನ ಡಾಲ್ ಚುನಾವಣೆಯ ಥರ ಬೂತಿಗೆ ಹೋಗಿ ಆರಿಸುವುದಿಲ್ಲ. ಒಳಗೆ ಬರಲು ಮೂರು ಬಾಗಿಲು. ಲೆಕ್ಕ ಹೀಗೆ ನೆನಪಿಡಿ: 43, 6, 11. ಪ್ಯಾನೆಲ್‌ಗಳಿಂದ 43, ಪದವೀಧರರಿಂದ 6, ಟೀಶಕ್ ನೇಮಿಸುವವರು 11. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನ ಗೊತ್ತಿರುವವರಿಗೆ ಇದು ತೀರಾ ಹೊಸದಲ್ಲ. ಅಲ್ಲೂ ಸ್ಥಳೀಯ ಸಂಸ್ಥೆಗಳ ಓಟಿದೆ, ಪದವೀಧರ ಕ್ಷೇತ್ರ ಇದೆ, ನಾಮಕರಣ ಸದಸ್ಯರ ಸಂಖ್ಯೆಯಂತೂ ಅದೇ 11. ಆದರೆ ಒಳಗಿನ ಕೆಲಸ ಬೇರೆ.

ಇರಖ್ತಸ್‌ನ ವೆಬ್‌ಸೈಟಿನಲ್ಲಿ ಯಾವುದಾದರೂ ಸೆನೆಟರ್ ಹೆಸರು ತೆಗೆಯಿರಿ. ಹೆಸರಿನ ಪಕ್ಕದಲ್ಲಿ ಕೃಷಿ ಪ್ಯಾನೆಲ್, ಕಾರ್ಮಿಕ ಪ್ಯಾನೆಲ್ ಅಂತ ಏನೋ ಒಂದು ಇರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಕೃಷಿ ಪ್ಯಾನೆಲ್ ಅಂದ ತಕ್ಷಣ ಅವರು ರೈತರು, ಅವರಿಗೆ ಓಟು ಹಾಕಿದವರೂ ರೈತರು ಅಂದುಕೊಳ್ಳಬೇಡಿ. ಎಲ್ಲರೂ ಎಡವುವುದು ಇಲ್ಲೇ. ಪ್ಯಾನೆಲ್ ಹೆಸರು ಹೇಳುವುದು ಅಭ್ಯರ್ಥಿಗೆ ಯಾವ ವಿಷಯದಲ್ಲಿ ತಿಳಿವಳಿಕೆ, ಅನುಭವ ಇರಬೇಕು ಅನ್ನುವುದನ್ನು ಮಾತ್ರ. ಓಟು ಹಾಕುವವರು ಐದೂ ಪ್ಯಾನೆಲ್‌ಗಳಿಗೆ ಅದೇ ಜನ.

ಯಾರು ಆ ಜನ? ಹೊಸದಾಗಿ ಆಯ್ಕೆಯಾದ ಡಾಲ್‌ನ ಟೀಡಿಗಳು, ಅವಧಿ ಮುಗಿಯುತ್ತಿರುವ ಸೆನೆಟರ್‌ಗಳು, ಮತ್ತು ದೇಶದ 31 ಕೌಂಟಿ, ನಗರ ಕೌನ್ಸಿಲ್‌ಗಳ 949 ಕೌನ್ಸಿಲರ್‌ಗಳು. ಈಗಿನ ಡಾಲ್‌ನಲ್ಲಿ 174 ಜನ, ಶ್ಯಾನಡ್‌ನಲ್ಲಿ 60. ಕೂಡಿಸಿ ನೋಡಿ, ಹತ್ತಿರ ಹತ್ತಿರ 1,180 ಓಟು. ಅದರಲ್ಲಿ ಹತ್ತಕ್ಕೆ ಎಂಟು ಕೌನ್ಸಿಲರ್‌ಗಳದ್ದು. ಹಾಗಾಗಿ ಶ್ಯಾನಡ್‌ಗೆ ನಿಲ್ಲುವವರು ಸಭೆ, ಮೆರವಣಿಗೆ ಅಂತ ಹೋಗುವುದಿಲ್ಲ. ಕಾರು ಹತ್ತಿ ಡೊನೆಗಾಲ್‌ನಿಂದ ಕಾರ್ಕ್‌ವರೆಗೆ ಒಬ್ಬೊಬ್ಬ ಕೌನ್ಸಿಲರ್ ಮನೆ ಬಾಗಿಲು ತಟ್ಟುತ್ತಾ, ಚಹಾ ಕುಡಿಯುತ್ತಾ, ವಾರಗಟ್ಟಲೆ ಸುತ್ತುತ್ತಾರೆ. ನಮ್ಮಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಅಭ್ಯರ್ಥಿ ಗ್ರಾಮ ಪಂಚಾಯಿತಿ ಸದಸ್ಯರನ್ನು ಹುಡುಕಿಕೊಂಡು ಹೋಗುವುದಿಲ್ಲವೇ, ಅದೇ ಪಾಡು, ಚಳಿ ಮಾತ್ರ ಜಾಸ್ತಿ.

ಪ್ಯಾನೆಲ್‌ಗಳು ಐದು. ಸಂಸ್ಕೃತಿ ಮತ್ತು ಶಿಕ್ಷಣಕ್ಕೆ 5 ಸ್ಥಾನ, ಕೃಷಿಗೆ 11, ಕಾರ್ಮಿಕಕ್ಕೆ 11, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ 9, ಆಡಳಿತಕ್ಕೆ 7. ಮೀನುಗಾರಿಕೆ ಕೃಷಿಯ ಜೊತೆ ಬರುತ್ತದೆ, ಸರಿ. ಆದರೆ ಡಾಕ್ಟರು, ವಕೀಲರು ಸಂಸ್ಕೃತಿ ಪ್ಯಾನೆಲ್‌ಗೆ ಸೇರುತ್ತಾರೆ, ಎಂಜಿನಿಯರು ಕೈಗಾರಿಕೆಗೆ, ಸಮಾಜ ಸೇವೆಯವರು ಆಡಳಿತಕ್ಕೆ. 1937ರ ಸಂವಿಧಾನ ಬರೆಯುವಾಗ ಸಮಾಜವನ್ನು ಪಕ್ಷಗಳ ಬದಲು ವೃತ್ತಿಗಳ ಮೂಲಕ ಕಟ್ಟಬೇಕು ಅನ್ನುವ ವಿಚಾರ ಕ್ಯಾಥೊಲಿಕ್ ವಲಯದಲ್ಲಿ ಜೋರಾಗಿತ್ತು, 1931ರಲ್ಲಿ ಪೋಪ್ 11ನೇ ಪಿಯುಸ್ ಅದರ ಬಗ್ಗೆ ಒಂದು ದೊಡ್ಡ ಪತ್ರವನ್ನೇ ಹೊರಡಿಸಿದ್ದರು. ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ಡಿ ವಲೇರಾ ಆ ವಿಚಾರವನ್ನು ತೆಗೆದುಕೊಂಡು ಪ್ಯಾನೆಲ್ ಮಾಡಿದರು, ಆದರೆ ಓಟನ್ನು ರಾಜಕಾರಣಿಗಳ ಕೈಗೇ ಕೊಟ್ಟರು. ಚೀಲದ ಮೇಲೆ ಅಕ್ಕಿ ಅಂತ ಬರೆದು ಒಳಗೆ ರಾಗಿ ತುಂಬಿದ ಹಾಗೆ ಅನ್ನಿಸುತ್ತದೆ ನನಗೆ. ರಾಗಿ ಕೆಟ್ಟದ್ದು ಅಂತ ಹೇಳುತ್ತಿಲ್ಲ!

ಸರಿ, ಪ್ಯಾನೆಲ್ ಗೊತ್ತಾಯಿತು. ಮುಂದೆ ನೋಡಬೇಕಾದ್ದು ಅವರ ಹೆಸರನ್ನು ಸೂಚಿಸಿದವರು ಯಾರು ಅಂತ. ಇದಕ್ಕೆ ಎರಡು ದಾರಿ. ಒಂದು, ನಾಲ್ಕು ಜನ ಟೀಡಿ ಅಥವಾ ಸೆನೆಟರ್‌ಗಳು ಸಹಿ ಹಾಕಬೇಕು. ಇನ್ನೊಂದು, ಆ ಪ್ಯಾನೆಲ್‌ಗೆ ನೋಂದಣಿಯಾದ ಸಂಸ್ಥೆ ಸೂಚಿಸಬೇಕು. ಕಾರ್ಮಿಕ ಪ್ಯಾನೆಲ್‌ಗೆ ಐರಿಷ್ ಕಾಂಗ್ರೆಸ್ ಆಫ್ ಟ್ರೇಡ್ ಯೂನಿಯನ್ಸ್ ಇದೆಯಲ್ಲ, ಅಂಥವು. ಪ್ರತಿ ಪ್ಯಾನೆಲ್‌ನಲ್ಲೂ ಎರಡು ಪಟ್ಟಿಯಿಂದಲೂ ಕನಿಷ್ಠ ಇಷ್ಟು ಜನ ಗೆಲ್ಲಲೇಬೇಕು ಅಂತ ನಿಯಮ ಇದೆ: ಕೃಷಿ ಮತ್ತು ಕಾರ್ಮಿಕದಲ್ಲಿ ನಾಲ್ಕು ನಾಲ್ಕು, ಕೈಗಾರಿಕೆ ಮತ್ತು ಆಡಳಿತದಲ್ಲಿ ಮೂರು ಮೂರು, ಸಂಸ್ಕೃತಿಯಲ್ಲಿ ಎರಡೆರಡು. ಎಣಿಕೆಯ ದಿನ ಜಾಸ್ತಿ ಓಟು ಬಂದವರು ಸೋತು ಕಡಿಮೆ ಬಂದವರು ಗೆದ್ದಂತೆ ಕಂಡರೆ ಗಾಬರಿ ಬೇಡ, ಈ ನಿಯಮ ಎಲ್ಲೋ ಕೆಲಸ ಮಾಡಿರುತ್ತದೆ.

ಎಣಿಕೆ ಅಂದೆನಲ್ಲ, ಅದನ್ನೂ ಓದಲು ಕಲಿಯಿರಿ, ಮಜಾ ಇದೆ. ಓಟು ಅಂಚೆಯಲ್ಲಿ, ಗುಟ್ಟಾಗಿ. ಪ್ರತಿಯೊಬ್ಬ ಮತದಾರರಿಗೂ ಐದು ಮತಪತ್ರ, ಪ್ಯಾನೆಲ್‌ಗೊಂದು. 1, 2, 3 ಅಂತ ಆದ್ಯತೆ ಬರೆಯಬೇಕು, ನಮ್ಮ ರಾಜ್ಯಸಭೆ ಚುನಾವಣೆಯ ಹಾಗೆಯೇ. ಫಲಿತಾಂಶ ತೆಗೆದರೆ ಅಭ್ಯರ್ಥಿಗೆ 98,000 ಓಟು ಅಂತ ಕಾಣಬಹುದು. ಒಟ್ಟು ಮತದಾರರೇ ಸಾವಿರದ ಚಿಲ್ಲರೆ, ಇದೆಲ್ಲಿಂದ ಬಂತು? ಒಂದು ಮತಪತ್ರಕ್ಕೆ 1,000 ಬೆಲೆ ಕಟ್ಟುತ್ತಾರೆ, ಹೆಚ್ಚುವರಿ ಓಟು ಹಂಚುವಾಗ ಚೂರುಗಳ ಲೆಕ್ಕ ಸುಲಭವಾಗಲಿ ಅಂತ. ಕೊನೆಯ ಮೂರು ಸೊನ್ನೆ ಮನಸ್ಸಿನಲ್ಲೇ ತೆಗೆದುಬಿಡಿ. ಗೆಲ್ಲಲು ಎಷ್ಟು ಬೇಕು ಅಂತ ತಿಳಿಯಲು ಒಟ್ಟು ಓಟನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಿ. ಕೃಷಿಯಲ್ಲಿ 11 ಸ್ಥಾನ, ಅಂದರೆ 12ರಿಂದ ಭಾಗಿಸಬೇಕು, ಸುಮಾರು 98 ಜನರ ಓಟು ಸಾಕು. ಸಂಸ್ಕೃತಿಯಲ್ಲಿ 5 ಸ್ಥಾನ, 6ರಿಂದ ಭಾಗಿಸಿದರೆ 197ರ ಹತ್ತಿರ. ದೊಡ್ಡ ಪ್ಯಾನೆಲ್‌ನಲ್ಲಿ ಸಣ್ಣ ಪಕ್ಷಗಳಿಗೆ ಜಾಗ ಸಿಗುವುದು ಇದಕ್ಕೇ.

ಮಧ್ಯದಲ್ಲಿ ಪ್ಯಾನೆಲ್ ಸ್ಥಾನ ಖಾಲಿಯಾದರೆ ಉಪಚುನಾವಣೆಯಲ್ಲಿ ಕೌನ್ಸಿಲರ್‌ಗಳಿಗೆ ಓಟಿಲ್ಲ, ಟೀಡಿಗಳು ಮತ್ತು ಸೆನೆಟರ್‌ಗಳು ಮಾತ್ರ. 2018ರಲ್ಲಿ ಉತ್ತರ ಐರ್ಲೆಂಡಿನ ಯೂನಿಯನಿಸ್ಟ್, ಅಂದರೆ ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಇರಬೇಕು ಅನ್ನುವ, ರೈತ ಇಯಾನ್ ಮಾರ್ಷಲ್ ಕೃಷಿ ಪ್ಯಾನೆಲ್‌ನಿಂದ ಗೆದ್ದು ಬಂದದ್ದು ಇಂಥದ್ದೇ ಉಪಚುನಾವಣೆಯಲ್ಲಿ. 2020ರಲ್ಲಿ ಕೌನ್ಸಿಲರ್‌ಗಳು ಓಟು ಹಾಕುವ ಹೊತ್ತಿಗೆ ಅವರು ಸೋತರು.

ಇನ್ನು ಆ 11 ಜನ. ಡಾಲ್ ಚುನಾವಣೆ ಮುಗಿದು ಹೊಸ ಡಾಲ್ ಸೇರಿದ ಮೇಲೆ ಯಾರು ಟೀಶಕ್ ಆಗುತ್ತಾರೋ ಅವರು ನೇಮಿಸುತ್ತಾರೆ. ಯಾರ ಅನುಮತಿಯೂ ಬೇಡ. ಉದ್ದೇಶ ಏನು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಸರ್ಕಾರಕ್ಕೆ ಮೇಲ್ಮನೆಯಲ್ಲಿ ಬಹುಮತ ಇರಲಿ ಅಂತ. ಹಾಗಂತ ಎಲ್ಲ ನೇಮಕವೂ ಬರೀ ಲೆಕ್ಕಾಚಾರ ಅಲ್ಲ. ಉತ್ತರ ಐರ್ಲೆಂಡಿನ ಎನಿಸ್ಕಿಲೆನ್ ಊರಿನ ಬಾಂಬ್ ಸ್ಫೋಟದಲ್ಲಿ ಮಗಳನ್ನು ಕಳೆದುಕೊಂಡು, ಹಾಗಿದ್ದೂ ಸೇಡಿನ ಮಾತಾಡದ ಗಾರ್ಡನ್ ವಿಲ್ಸನ್ ಅವರನ್ನು 1993ರಲ್ಲಿ ಆಲ್ಬರ್ಟ್ ರೆನಾಲ್ಡ್ಸ್ ನೇಮಿಸಿದರು. 1982ರಲ್ಲಿ ಚಾರ್ಲ್ಸ್ ಹಾಹಿ ಉತ್ತರದ ಷೇಮಸ್ ಮ್ಯಾಲನ್ ಅವರನ್ನು ತಂದರು, ಪಾಪ, ಅದರಿಂದಾಗಿ ಮ್ಯಾಲನ್ ಉತ್ತರ ಐರ್ಲೆಂಡ್ ಅಸೆಂಬ್ಲಿಯ ಸ್ಥಾನ ಕಳೆದುಕೊಳ್ಳಬೇಕಾಯಿತು. 2020ರಲ್ಲಿ ಬಂದ ಐಲೀನ್ ಫ್ಲಿನ್ ಟ್ರಾವೆಲರ್ ಅನ್ನುವ, ಊರೂರು ಅಲೆಯುವ ಪರಂಪರೆಯ ಸಮುದಾಯದಿಂದ ಇರಖ್ತಸ್‌ಗೆ ಬಂದ ಮೊದಲ ಮಹಿಳೆ. ನಮ್ಮ ರಾಜ್ಯಸಭೆಯ 12 ನಾಮಕರಣ ಸದಸ್ಯರ ವ್ಯವಸ್ಥೆಗೂ ಐರ್ಲೆಂಡೇ ಮಾದರಿ ಅನ್ನುತ್ತಾರೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಬೇರೆ ದೇಶಗಳ ಸಂವಿಧಾನ ತಿಳಿಯಲು ಹೋದಾಗ ಐರ್ಲೆಂಡಿಗೂ ಹೋಗಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಅವಧಿಯ ನಡುವೆ ಟೀಶಕ್ ಬದಲಾದರೆ 11 ಜನ ಬದಲಾಗುವುದಿಲ್ಲ. 1994ರಲ್ಲಿ ಚುನಾವಣೆಯೇ ಇಲ್ಲದೆ ಜಾನ್ ಬ್ರೂಟನ್ ಅಧಿಕಾರಕ್ಕೆ ಬಂದಾಗ ಮೇಲ್ಮನೆಯಲ್ಲಿ ಕೂತಿದ್ದವರು ರೆನಾಲ್ಡ್ಸ್ ನೇಮಿಸಿದವರೇ. ಇದಕ್ಕಿಂತ ವಿಚಿತ್ರ 2020ರಲ್ಲಿ ನಡೆಯಿತು. ಫೆಬ್ರವರಿಯಲ್ಲಿ ಡಾಲ್ ಚುನಾವಣೆ ಆಯಿತು, ಮಾರ್ಚ್ ಕೊನೆಗೆ 49 ಸೆನೆಟರ್‌ಗಳ ಆಯ್ಕೆಯೂ ಮುಗಿಯಿತು, ಆದರೆ ಸರ್ಕಾರ ರಚನೆಯ ಮಾತುಕತೆ ಎಳೆದು ಎಳೆದು ಜೂನ್ 27ರವರೆಗೆ ಹೊಸ ಟೀಶಕ್ಕೇ ಇಲ್ಲ. ಉಸ್ತುವಾರಿ ನೋಡುತ್ತಿದ್ದ ಲಿಯೊ ವರಾಡ್ಕರ್‌ಗೆ ನೇಮಿಸುವ ಅಧಿಕಾರ ಇರಲಿಲ್ಲ. ಕೋವಿಡ್ ಕಾಲ, ತುರ್ತಾಗಿ ಕಾನೂನು ಬೇಕು, ಮೇಲ್ಮನೆ ಸೇರುವ ಹಾಗಿಲ್ಲ! 49 ಜನ ಇದ್ದರೆ ಸಾಲದೇ ಅಂತ ಕೆಲವು ಸೆನೆಟರ್‌ಗಳು ಕೋರ್ಟಿಗೆ ಹೋದರು, 60 ಜನ ಪೂರ್ತಿ ಆಗಲೇಬೇಕು ಅಂತ ಹೈಕೋರ್ಟ್ ಹೇಳಿತು.

ಈಗ ನಿಮ್ಮ ಓಟಿಗೆ ಬರೋಣ, ಕೊನೆಯ ಬಾಗಿಲು. ಈಗಿನ 27ನೇ ಶ್ಯಾನಡ್‌ನಲ್ಲಿರುವ ಆರು ಜನರಲ್ಲಿ ಮೂವರು ನ್ಯಾಷನಲ್ ಯೂನಿವರ್ಸಿಟಿ ಆಫ್ ಐರ್ಲೆಂಡ್‌ನವರು ಆರಿಸಿದವರು, ಯೂಸಿಡಿ (ಯೂನಿವರ್ಸಿಟಿ ಕಾಲೇಜ್ ಡಬ್ಲಿನ್), ಕಾರ್ಕ್, ಗಾಲ್ವೇ, ಮೇನೂತ್ ಎಲ್ಲ ಅದರೊಳಗೆ. ಇನ್ನು ಮೂವರು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು ಆರಿಸಿದವರು. ಮುಂದೆ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್‌ಸನ್ 1969ರಿಂದ 20 ವರ್ಷ ಟ್ರಿನಿಟಿ ಸೆನೆಟರ್. ಡಿಸಿಯು (ಡಬ್ಲಿನ್ ಸಿಟಿ ಯೂನಿವರ್ಸಿಟಿ), ಲಿಮೆರಿಕ್‌ನಲ್ಲಿ ಓದಿದವರಿಗೆ ಆ ಚುನಾವಣೆಯಲ್ಲಿ ಓಟಿರಲಿಲ್ಲ. ನನ್ನದೂ ಡಿಸಿಯು ಡಿಗ್ರಿ, ಯೂಸಿಡಿಯಲ್ಲಿ ಓದಿದ ರೂಮ್‌ಮೇಟ್‌ಗೆ ಮತಪತ್ರ ಅಂಚೆಯಲ್ಲಿ ಬಂದಾಗ ನಾನು ಸುಮ್ನೆ ಲಕೋಟೆ ನೋಡುತ್ತಾ ಕೂತಿದ್ದೆ. ಬೇರೆ ಕಾಲೇಜಿನವರಿಗೂ ಓಟು ಕೊಡಬಹುದು ಅಂತ ಜನ 1979ರಲ್ಲೇ ಜನಮತಗಣನೆಯಲ್ಲಿ ಒಪ್ಪಿದ್ದರು, ಸರ್ಕಾರಗಳು 44 ವರ್ಷ ಕೈಕಟ್ಟಿ ಕೂತವು. ಕೊನೆಗೆ ಲಿಮೆರಿಕ್‌ನ ಒಬ್ಬ ಪದವೀಧರ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2023ರಲ್ಲಿ ಗೆದ್ದ ಮೇಲೆ 2024ರಲ್ಲಿ ಕಾನೂನು ಬಂತು. ಮುಂದಿನ ಶ್ಯಾನಡ್ ಸಾರ್ವತ್ರಿಕ ಚುನಾವಣೆಯಿಂದ ಆರೂ ಸ್ಥಾನ ಸೇರಿ ಒಂದೇ ಉನ್ನತ ಶಿಕ್ಷಣ ಕ್ಷೇತ್ರ, ಡಿಸಿಯು, ಲಿಮೆರಿಕ್, ಟಿಯು ಡಬ್ಲಿನ್ ಎಲ್ಲರೂ ಒಳಗೆ.

ಹೆಸರು ಸೇರಿಸಲು ಬೇಕಾದ್ದು ಇಷ್ಟು: 18 ವರ್ಷ, ಐರಿಷ್ ಪೌರತ್ವ, ಅಲ್ಲಿಯ ಪದವಿ. ಬೆಂಗಳೂರಿನ ಬಿ.ಇ. ಲೆಕ್ಕಕ್ಕಿಲ್ಲ. ಪದವಿ ಬಂದ ಮಾತ್ರಕ್ಕೆ ಹೆಸರು ತಾನಾಗಿ ಸೇರುತ್ತದೆ ಅಂತ ಕೂರಬೇಡಿ. ನೀವೇ ಹೆಸರು ಸೇರಿಸಿಕೊಳ್ಳಬೇಕು, ವಿಳಾಸ ಬದಲಾದರೆ ತಿಳಿಸಿ, ಇಲ್ಲದಿದ್ದರೆ ಮತಪತ್ರ ಹಳೇ ಬಾಡಿಗೆ ಮನೆಗೆ ಹೋಗಿ ಬೀಳುತ್ತದೆ. ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷದ ವಾಸ ಬೇಕು, ಓದಲು ಬಂದ ವೀಸಾದ ವರ್ಷಗಳು ಅದರಲ್ಲಿ ಸೇರುವುದಿಲ್ಲ. ಅದು ಸಿಕ್ಕರೆ ಭಾರತದ ಪೌರತ್ವ ಹೋಗುತ್ತದೆ. ಒಂದು ಸೆನೆಟ್ ಓಟಿಗಾಗಿ ಯಾರೂ ಆ ತೀರ್ಮಾನ ಮಾಡುವುದಿಲ್ಲ ಬಿಡಿ.

ಈ ಮನೆಗೆ ಬಲ ಎಷ್ಟು ಅಂತ ಕೇಳಿದರೆ, ಕಡಿಮೆ. ಹಣಕಾಸು ಮಸೂದೆಯನ್ನು 21 ದಿನ ಇಟ್ಟುಕೊಳ್ಳಬಹುದು, ಉಳಿದವನ್ನು ತಡೆದರೂ 90 ದಿನ ಕಳೆದ ಮೇಲೆ ಡಾಲ್ ಮುಂದೆ ಸಾಗಬಹುದು. ಸೆನೆಟರ್‌ಗಳು ಮಂತ್ರಿಯೂ ಆಗಬಹುದು, ಇಬ್ಬರವರೆಗೆ, ಆದರೆ 1937ರ ಸಂವಿಧಾನ ಬಂದ ಮೇಲೆ ಹಾಗೆ ಆದದ್ದು 1957ರಲ್ಲಿ ಷಾನ್ ಮೊಯ್ಲನ್, 1981ರಲ್ಲಿ ಜೇಮ್ಸ್ ಡೂಜ್, ಅಷ್ಟೇ. ಇದನ್ನೇ ಮುಚ್ಚಿಬಿಡೋಣ ಅಂತ ಆಗಿನ ಟೀಶಕ್ ಎಂಡಾ ಕೆನಿ 2013ರಲ್ಲಿ ಜನರನ್ನು ಕೇಳಿದರು. ಶೇ. 51.7ರಷ್ಟು ಜನ ಮುಚ್ಚುವುದು ಬೇಡ ಅಂದರು. ಓಟು ಹಾಕಲು ಬಂದವರೇ ಶೇ. 39.

ಐರಿಷ್ ಪೌರತ್ವ ಇಲ್ಲದವರು ಇಲ್ಲಿಗೆ ಓದುವುದು ನಿಲ್ಲಿಸಬೇಡಿ. ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಲು ಐರ್ಲೆಂಡಿನಲ್ಲಿ ಪೌರತ್ವ ಬೇಕಿಲ್ಲ, ಅಲ್ಲಿ ವಾಸ ಇದ್ದು 18 ತುಂಬಿದ್ದರೆ ಸಾಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೇ. ನೀವು ಆರಿಸುವ ಕೌನ್ಸಿಲರ್ ಕೈಯಲ್ಲಿ ಐದು ಪ್ಯಾನೆಲ್‌ನ ಐದು ಮತಪತ್ರ ಇರುತ್ತದೆ. ಕೇರಳ ಮೂಲದ ಬೇಬಿ ಪೆರೆಪ್ಪಾಡನ್ 2024ರಲ್ಲಿ ಸೌತ್ ಡಬ್ಲಿನ್ ಕೌಂಟಿಯ ಮೇಯರ್ ಆದರಲ್ಲ, ಅಂಥ ಕೌನ್ಸಿಲರ್‌ಗಳೂ ಇದೇ ಮತದಾರರಲ್ಲಿ ಸೇರುತ್ತಾರೆ. ಮುಂದಿನ ಸ್ಥಳೀಯ ಚುನಾವಣೆ 2029ರಲ್ಲಿ. ಯಾರಾದರೂ ಕೌನ್ಸಿಲರ್ ಕರಪತ್ರ ಹಿಡಿದು ಬಾಗಿಲಿಗೆ ಬಂದಾಗ ರಸ್ತೆ ಗುಂಡಿ, ಕಸದ ಡಬ್ಬಿ ಎಲ್ಲ ಮಾತಾಡಿ, ಹೋಗುವ ಮುಂಚೆ ಮೆಲ್ಲಗೆ ಕೇಳಿ: "ಹೋದ ಸಲ ಶ್ಯಾನಡ್‌ಗೆ ನಿಮ್ಮ ಒಂದನೇ ಓಟು ಯಾರಿಗೆ?" ಗುಟ್ಟಿನ ಮತ, ಹೇಳಲೇಬೇಕು ಅಂತೇನಿಲ್ಲ. ಆದರೆ ಈ ಪ್ರಶ್ನೆ ಕೇಳಿದವರು ಅವರಿಗೆ ಬಹಳ ದಿನ ನೆನಪಿರುತ್ತಾರೆ.